ದೇವರ ಜಗಲಿಯ ಕೀಲಿ

ಹರಿಹರದ ಅಂಬಿಕಾಗೆ ಗಂಡ ಬಿಟ್ಟುಹೋದದ್ದು ಒಂದು ಲಗೇಜ್ ಗಾಡಿ. ಹೊಸದು. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ, ಅಷ್ಟರಲ್ಲಿ ಹನುಮೇಶ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ಅಳುತ್ತಾ ಕೂರುವ ಹಾಗಿರಲಿಲ್ಲ. ಗಾಡಿ ಓಡಿದರೆ ಮನೆಯಲ್ಲಿ ಒಲೆ. ಶಿವು ಎಂಬ ಡ್ರೈವರನ್ನು ಇಟ್ಟಳು. ದಾವಣಗೆರೆಯ ಭಟ್ಟಿಗಳಲ್ಲಿ ಮಂಡಕ್ಕಿ ಚೀಲ ಹೇರಿಕೊಂಡು ಮಂಡಿಪೇಟೆಯ ಅಂಗಡಿಗಳಿಗೆ ಮುಟ್ಟಿಸುವ ಕೆಲಸ. ಹನುಮೇಶನೇ ಹಿಡಿದಿದ್ದ ಗಿರಾಕಿಗಳು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಗಾಡಿ ಹೋಗದಿದ್ದರೆ ಅವರು ಬೇರೆ ಗಾಡಿ ಕರೆಯುತ್ತಾರೆ.

ಹೊತ್ತಿಗೆ ಸರಿಯಾಗಿ ಮನೆ ಮುಂದೆ ಗಾಡಿಯೇ ಇರುತ್ತಿರಲಿಲ್ಲ.

ಒಯ್ಯುತ್ತಿದ್ದವನು ಮೈದುನ ಮಾರುತಿ. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಯಾರು ಗಾಡಿ ತಂದರೂ ಅದರ ಎರಡನೇ ಕೀಲಿ, ಅತ್ತೆ ಮತ್ತು ಮಾರುತಿ ಇರುವ ಹಿರೇಮನೆಯಲ್ಲಿ ದೇವರನ್ನು ಕೂರಿಸಿದ ಜಗಲಿಗೆ ಸೇರಬೇಕು. ಅರಿಶಿನ ಕುಂಕುಮ ಹಚ್ಚಿ ಇಟ್ಟರೆ ಮುಗಿಯಿತು, ಅದು ದೇವರದು. ಹನುಮೇಶ ಇದ್ದಾಗ ಆ ಕೀಲಿ ಕೂತಲ್ಲೇ ಕೂತಿತ್ತು. ಅವನು ಹೋದ ಮೇಲೆ ಅದಕ್ಕೆ ಕಾಲು ಬಂತು. ಮಾರುತಿ ಜಗಲಿಗೆ ಕೈ ಮುಗಿಯುವುದು, ಕೀಲಿ ಎತ್ತಿಕೊಳ್ಳುವುದು, ಕೊಂಡಜ್ಜಿ ಕೆರೆ ಕಡೆಗೋ ಇನ್ನೆಲ್ಲಿಗೋ ಗೆಳೆಯರನ್ನು ಹೇರಿಕೊಂಡು ಹೋಗುವುದು. ವಾಪಸ್ ಕೇಳೋಣವೆಂದರೆ, ದೇವರಿಗೆ ಕೊಟ್ಟದ್ದನ್ನು ಕಿತ್ತುಕೊಂಡ ಸೊಸೆ ಅನ್ನಿಸಿಕೊಳ್ಳಬೇಕು. ಗಂಡ ಸತ್ತು ಇನ್ನೂ ವರ್ಷ ತುಂಬದವಳು.

ಅದಕ್ಕೇ ದಾವಣಗೆರೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಅಂಜುಮ್ ಹತ್ತಿರ ಹೋಗಿ, ಗಾಡಿಗೆ ಇನ್ನೊಂದು ಲಾಕ್ ಹಾಕಿಕೊಡು ಅಂದಳು.

"ಯಾರ ಮೇಲೆ ಅನುಮಾನ ಅಕ್ಕಾ?" ಅಂದ.

"ಯಾರ ಮೇಲೂ ಇಲ್ಲ."

"ಹಂಗಾದ್ರೆ ಬ್ಯಾರೆ ಲಾಕ್ ಯಾಕ? ಹೊಸ ಗಾಡಿ ಇದು. ಕೀಲಿ ಒಳಗೇ ಚಿಪ್ ಐತೆ. ಡೂಪ್ಲಿಕೇಟ್ ಹಾಕಿದ್ರೆ ಎಂಜಿನ್ ಮಿಸುಕಾಡಲ್ಲ. ಯಾವ ಕಳ್ಳ ಬಂದ್ರೂ ಬರಿಗೈ."

"ಕಳ್ಳನ ಕೈಯಾಗೆ ಕಂಪನಿ ಕೀಲಿನೇ ಇದ್ರೆ?"

ಅಂಜುಮ್ ಸ್ಪ್ಯಾನರ್ ಕೆಳಗಿಟ್ಟ. "ಅವ್ನು ಕಳ್ಳ ಅಲ್ಲ ಬಿಡಕ್ಕಾ, ನೆಂಟ," ಅಂದು ನಕ್ಕ. ಅಂಬಿಕಾ ನಗಲಿಲ್ಲ.

ಮೊದಲು ಸ್ಟೇರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ಲಾಕ್ ಕೊಟ್ಟ. ಮಾರುತಿ ನೆಟ್ಟಗೆ ಶಿವು ಮನೆಗೆ ಹೋಗಿ, "ಅತ್ತಿಗೆ ಕೊಡು ಅಂದಾರೆ" ಅಂತ ಅದರ ಕೀಲಿಯನ್ನೂ ತಂದುಕೊಂಡ. ಆಮೇಲೆ ಸೈರನ್ ಹಾಕಿಸಿದಳು. ಬೆಕ್ಕು ಹತ್ತಿದರೂ ಕೂಗಿತು, ಲಾರಿ ಹಾದುಹೋದರೂ ಕೂಗಿತು.

"ಏನವ್ವ ಅಂಬಿಕಾ," ಅಂದಳು ಎದುರುಮನೆಯ ದ್ಯಾಮವ್ವ, "ನಿನ್ನ ಗಾಡಿಗೆ ಹಾಲು ಕುಡಿಸಿ ಮಲಗಿಸ್ಬಾರ್ದಾ? ಹೊತ್ತಿಲ್ಲ ಗೊತ್ತಿಲ್ಲ, ಒಂದೇ ಸಮ ಅಳ್ತೈತೆ."

ಮಾರುತಿ ಒಂದು ದಿನ ಸೈರನ್ನಿನ ವೈರು ಕಿತ್ತು, ಕನ್ನಡಿಗೆ ಸುತ್ತಿಟ್ಟು ಹೋದ. ಸೀಟನ್ನೂ ಮುಂದಕ್ಕೆ ಎಳೆದುಕೊಂಡಿದ್ದ. ಹನುಮೇಶನದು ಉದ್ದ ಕಾಲು. ಅವನು ಹಿಂದಕ್ಕೆ ಸರಿಸಿದ್ದ ಸೀಟನ್ನು ಶಿವು ಕೂಡ ಮುಟ್ಟಿರಲಿಲ್ಲ, ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದ. ಅಂಬಿಕಾ ಆ ಸೀಟನ್ನು ಹಿಂದಕ್ಕೆ ತಳ್ಳಿ ನೋಡಿದಳು. ಅವನು ಇಟ್ಟದ್ದು ಎಲ್ಲಿಗೆ ಅನ್ನುವುದು ಗೊತ್ತಾಗಲಿಲ್ಲ.

ಅವತ್ತೇ ಮತ್ತೆ ಅಂಜುಮ್ ಹತ್ತಿರ ಹೋದಳು. ಈ ಸಲ ಅವನು ನಗಲಿಲ್ಲ. ಡ್ಯಾಶ್‌ಬೋರ್ಡಿನ ಒಳಗೆ ಎಲ್ಲೋ ಒಂದು ಸಣ್ಣ ಪೆಟ್ಟಿಗೆ ಕೂರಿಸಿದ. ಗಾಡಿ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತಿತ್ತು. ಫೋನಿನಲ್ಲೇ ಒತ್ತಲು ಒಂದು ಕೆಂಪು ಗುಂಡಿಯೂ ಇತ್ತು.

"ಓಡೋ ಗಾಡಿನ ಇದು ನಿಲ್ಸಲ್ಲ ಅಕ್ಕಾ. ನಿಂತ ಮ್ಯಾಲೆ ಮತ್ತೆ ಚಾಲು ಆಗಕ್ಕೆ ಬಿಡಲ್ಲ, ಅಷ್ಟೇ."

"ಅಷ್ಟು ಸಾಕು."

ಮಾರನೇ ವಾರ ಬೆಳಿಗ್ಗೆ ಶಿವು ಬಂದು ಖಾಲಿ ಜಾಗ ನೋಡಿ ನಿಂತ. ಭಟ್ಟಿಯಿಂದ ಫೋನ್ ಬಂತು: ಇವತ್ತೂ ಇಲ್ಲವೆಂದರೆ ನಾಳೆಯಿಂದ ಬರುವುದೇ ಬೇಡ. ಅಂಬಿಕಾ ಫೋನ್ ತೆರೆದಳು. ಗಾಡಿ ತುಂಗಭದ್ರಾ ಸೇತುವೆ ಕಡೆ ಹೋಗುತ್ತಿತ್ತು. ಸೇತುವೆಗೆ ಮುಂಚೆ ನಿಂತಿತು. ಅವಳು ಗುಂಡಿ ಒತ್ತಿದಳು.

ಸ್ವಲ್ಪ ಹೊತ್ತಿಗೆ ಮಾರುತಿ ಫೋನ್ ಮಾಡಿದ. "ಏನ್ ಮಾಡಿದ್ರಿ ಅತ್ತಿಗೆ? ಕಬ್ಬಿನಹಾಲು ಕುಡ್ಯಾಕಂತ ನಿಲ್ಸಿದ್ದೆ, ಚಾಲೂನೇ ಆಗ್ತಿಲ್ಲ. ಗಾಡಿಯಾಗೆ ಅವ್ವನೂ ಕುಂತಾಳೆ."

ಅತ್ತೆ ಉಚ್ಚೆಂಗೆಮ್ಮ ಜೊತೆಗಿದ್ದದ್ದು ಅಂಬಿಕಾಗೆ ಗೊತ್ತಿರಲಿಲ್ಲ. ಶಿವುನನ್ನು ಕರೆದುಕೊಂಡು ಆಟೋ ಹಿಡಿದು ಹೋದಳು. ಉಚ್ಚೆಂಗೆಮ್ಮ ಗಾಡಿಯೊಳಗೆ ಬೆವರುತ್ತಾ ಕೂತಿದ್ದಳು. ನೆಂಟರ ಮನೆಗೆ ಹೊರಟವಳು, ಮಡಿಲಲ್ಲಿ ಹೂವಿನ ಪೊಟ್ಟಣ. ಕೆಳಗಿಳಿಯಲಿಲ್ಲ.

"ನನ್ನ ಮಗ ಹೋದ. ಈಗ ನೀನು ನಮ್ಮನ್ನ ಕಳ್ಳರ ಸಾಲಿಗೆ ಸೇರಿಸ್ದೆ," ಅಂದಳು.

"ಕಳ್ಳರಾಗಿದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಬರ್ಸಿ ಬರ್ತಿದ್ದೆ ಅತ್ತೆ. ಮನೆಯವ್ರು. ಅದಕ್ಕೇ ಈ ಪಜೀತಿ."

"ಇದು ಅಣ್ಣನ ಗಾಡಿ," ಅಂದ ಮಾರುತಿ.

"ಅಣ್ಣ ಇದ್ದಾಗ ಒಂದು ದಿನ ಒಯ್ದಿದ್ಯಾ? ಆಗ ನಿಂಗೆ ದೇವ್ರ ಭಯ ಇರ್ಲಿಲ್ಲ, ಅಣ್ಣನ ಭಯ ಇತ್ತು."

ಕಬ್ಬಿನಹಾಲಿನವನು ಗಾಣ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಮಾರುತಿ ಗ್ಲಾಸು ಕೆಳಗಿಟ್ಟ.

"ಕೀಲಿ ಕೊಡು. ಗಾಡಿ ಚಾಲು ಮಾಡ್ತೀನಿ," ಅಂದಳು ಅಂಬಿಕಾ.

"ಅದು ಜಗಲಿದು."

"ಜಗಲಿದಾಗಿದ್ರೆ ಜಗಲಿ ಮ್ಯಾಲಿರ್ತಿತ್ತು."

ಉಚ್ಚೆಂಗೆಮ್ಮ ಕೈ ಚಾಚಿ ಕೀಲಿ ಕಿತ್ತುಕೊಂಡಳು. ಕುಂಕುಮ ಇನ್ನೂ ಅದರ ಸಂದಿಯಲ್ಲಿತ್ತು. ಸೊಸೆಗೂ ಕೊಡಲಿಲ್ಲ, ಮಗನಿಗೂ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇನ್ನು ಇದು ನನ್ನ ಹತ್ರ," ಅಂದಳು, ಯಾರ ಮುಖವನ್ನೂ ನೋಡದೆ.

ಅಷ್ಟಕ್ಕೆ ಒಪ್ಪಬೇಕಾಯಿತು. ಅಂಬಿಕಾ ಫೋನಿನ ಗುಂಡಿಯನ್ನು ಮತ್ತೆ ಒತ್ತಿ ಗಾಡಿ ಬಿಡಿಸಿದಳು. ತನ್ನ ಕೀಲಿಯನ್ನು ಶಿವುಗೆ ಕೊಟ್ಟು, ಅತ್ತೆಯನ್ನು ಮೊದಲು ನೆಂಟರ ಮನೆಗೆ ಬಿಟ್ಟು ಹಾಗೇ ಭಟ್ಟಿಗೆ ಹೋಗು ಅಂದಳು. ಭಟ್ಟಿಯವರು ಬೈದರು, ಆದರೆ ಚೀಲ ಹೇರಿದರು. ಅತ್ತೆ ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು. ಅದು ಇನ್ನೂ ಹಾಗೇ ಇದೆ.

ಅವತ್ತು ಗಾಡಿ ಸೇತುವೆ ಹತ್ತಿದ ಮೇಲೆ ಅಂಬಿಕಾ, ಮಾರುತಿ ಇಬ್ಬರೇ ರಸ್ತೆ ಬದಿ ಉಳಿದಿದ್ದರು.

"ನಂಗೆ ಗಾಡಿ ಬೇಕಾದ್ರೆ ಇನ್ನು ನಿಮ್ಮನ್ನ ಕೇಳ್ಬೇಕೇನು?" ಅಂದ ಮಾರುತಿ.

"ಕೇಳ್ಬೇಕು," ಅಂದಳು. "ಕೇಳಿದ್ರೂ ಕೊಡ್ತೀನಂತಲ್ಲ."