ಕಳೆ ಎಂದು ಕಿತ್ತ ಸೊಪ್ಪು

ಲಾನ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಮನೆಗಳ ಸುತ್ತ ತೋಟ ರೂಪಿಸುವುದೇ ನನ್ನ ಕಸುಬು, ಹಾಗಿದ್ದೂ ಹೇಳುತ್ತಿದ್ದೇನೆ. ಅದನ್ನು ದನ ಮೇಯುವುದಿಲ್ಲ, ಅದರ ಮೇಲೆ ಮಕ್ಕಳು ಆಡುವ ಹಾಗಿಲ್ಲ, ಯಾರಾದರೂ ಕಾಲಿಟ್ಟರೆ ಒಳಗಿನಿಂದ ಯಜಮಾನರ ಕೂಗು. ಅದಕ್ಕೆ ದಿನಕ್ಕೆರಡು ಹೊತ್ತು ಟ್ಯಾಂಕರಿನ ನೀರು ಬೇರೆ. ಜೆ.ಪಿ. ನಗರದಲ್ಲಿ ಒಬ್ಬರು, "ಸುಮ್ನೆ ನೋಡೋಕೆ ಗ್ರೀನಾಗಿದ್ರೆ ಸಾಕು ಮೇಡಂ" ಅಂದರು. ಹಾಗಾದರೆ ಅಂಗಳಕ್ಕೆ ಹಸಿರು ಬಣ್ಣ ಹೊಡೆಸಿ ಎಂದು ಎದ್ದು ಬಂದೆ.

ಯಾರ ಮನೆಗೆ ಹೋದರೂ ನಾನು ಮೊದಲು ಕೇಳುವುದು ಒಂದೇ: ಈ ಮನೆಯಲ್ಲಿ ಮಣ್ಣು ಮುಟ್ಟುವವರು ಯಾರು? ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಮಾತ್ರ ಮಾತುಕತೆಗೆ ಕರೆದಿರುವುದಿಲ್ಲ. ಅವರನ್ನು ಕರೆಸಿ, ಅವರ ಪಾತಿಗೆ ಜಾಗ ಗುರುತಿಸಿದ ಮೇಲೆಯೇ ಉಳಿದ ನಕ್ಷೆ. ಸೊಪ್ಪು ಹಾಕಿದರೆ ಹಳ್ಳಿ ಥರ ಕಾಣುತ್ತದೆ ಎನ್ನುವವರಿಗೆ, ಬೇರೆ ಡಿಸೈನರ್ ನೋಡಿಕೊಳ್ಳಿ ಅನ್ನುತ್ತೇನೆ. ಈ ಗತ್ತು ನನಗೆ ಹುಟ್ಟಿನಿಂದ ಬಂದದ್ದಲ್ಲ.

ತೊಂಬತ್ತರ ದಶಕದಲ್ಲಿ ಜಯನಗರದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಕಾಂಪೌಂಡಿಗೂ ನಡುವೆ ಇದ್ದದ್ದು ಮೂರಡಿ ಜಾಗ. ಅಮ್ಮ ಪಾತ್ರೆ ತೊಳೆದ ನೀರನ್ನು ಅಲ್ಲಿಗೆ ತಿರುಗಿಸಿ ಬಸಳೆ, ಕೆಸು, ದಂಟು ಬೆಳೆಯುತ್ತಿದ್ದಳು. ಸೊಳ್ಳೆ ಬರುತ್ತೆ ಎಂದು ಮಹಡಿಯ ಮನೆಯವರು ಗೊಣಗಿದಾಗ, ಮೊದಲ ಕಟ್ಟು ಸೊಪ್ಪನ್ನು ಅವರಿಗೇ ಕಳಿಸಿ ಬಾಯಿ ಮುಚ್ಚಿಸಿದಳು. ನೀರು ಎಲ್ಲಿ ಹರಿಯುತ್ತದೆ, ಬಿಸಿಲು ಎಷ್ಟು ಹೊತ್ತಿಗೆ ಗೋಡೆ ಇಳಿಯುತ್ತದೆ ಎಂದು ನೋಡುವುದನ್ನು ಕಲಿತದ್ದು ಆ ಮೂರಡಿಯಲ್ಲೇ. ದಂಟನ್ನು ಬೇರು ಸಮೇತ ಕಿತ್ತರೆ ಅಮ್ಮ ಕೈ ಮೇಲೆ ಏಟು ಕೊಡುತ್ತಿದ್ದಳು. ತುದಿ ಚಿವುಟಬೇಕು, ಆಗ ಮತ್ತೆ ಒಡೆಯುತ್ತದೆ. ಮುಂದೆ ಕಾಲೇಜಿಗೆ ಹೋಗಿ ಇವನ್ನೆಲ್ಲ ಮರೆಯುವುದನ್ನು ಕಲಿತೆ.

ಎರಡು ಸಾವಿರದ ಮೊದಲ ವರ್ಷಗಳಲ್ಲಿ ಅರೆಕೆರೆಯಲ್ಲಿ ನನಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ರಾಗಿ ಹೊಲ ಲೇಔಟಾದ ಮೇಲೆ ಹೊಲದವರೇ ಕಟ್ಟಿಸಿಕೊಂಡಿದ್ದ ಮೂರಂತಸ್ತಿನ ಮನೆ ಅದು. ಯಜಮಾನರಿಗೆ ಗೇಟಿನಿಂದ ಮೆಟ್ಟಿಲವರೆಗೂ ಲಾನ್ ಬೇಕಿತ್ತು. ನಾನು ಟೇಪು ಹಿಡಿದು ಅಳೆಯುತ್ತಿದ್ದಾಗ ಅವರ ತಾಯಿ ಹಿಂದಿನಿಂದ ಬಂದು, "ನಲ್ಲಿತಾವ ಒಂದೀಟು ಸೊಪ್ಪಿಗೆ ಜಾಗ ಮಡಗವ್ವ" ಅಂದರು.

"ನೋಡೋಣ ಅಜ್ಜಿ" ಅಂದೆ. ಎಷ್ಟು ಸಲೀಸಾಗಿ ಅಂದೆ. ನಕ್ಷೆಯಲ್ಲಿ ಒಂದು ಗೆರೆಯನ್ನೂ ಎಳೆಯಲಿಲ್ಲ.

ಹುಲ್ಲು ಹಾಸಿ ಎರಡು ತಿಂಗಳಾಗಿತ್ತು. ಫೋಟೋ ತೆಗೆಸಬೇಕೆಂದಿದ್ದ ದಿನದ ಹಿಂದಿನ ಬೆಳಿಗ್ಗೆ ಯಜಮಾನರ ಫೋನು ಬಂತು: "ಮೇಡಂ, ಲಾನಲ್ಲಿ ಕಳೆ ಬಂದ್ಬಿಟ್ಟಿದೆ. ಬಂದು ಕ್ಲೀನ್ ಮಾಡ್ಸಿ."

ಇಬ್ಬರು ಆಳುಗಳನ್ನು ಕರೆದುಕೊಂಡು ಹೋದೆ. ನಲ್ಲಿಯ ಹತ್ತಿರ ಎರಡು ಮಾರು ಜಾಗದಲ್ಲಿ ಯಾರೋ ಹುಲ್ಲು ಹೆರೆದು, ಮಣ್ಣು ಸಡಿಲಿಸಿ, ಬೀಜ ಚೆಲ್ಲಿದ್ದರು. ಕೆಂಪು ಕಾಂಡದ ದಂಟು ಗೇಣುದ್ದ ಎದ್ದಿತ್ತು, ಒತ್ತೊತ್ತಾಗಿ, ಸಮನಾಗಿ. ಕಳೆ ಹಾಗೆ ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಆ ಸೊಪ್ಪು ತಿಂದೇ ಬೆಳೆದ ಯಜಮಾನರಿಗೂ ಗೊತ್ತಿತ್ತು. ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟು ನಿಂತು ಅದನ್ನು ಕಳೆ ಅಂದರಲ್ಲ, ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಆದರೆ ಆಳುಗಳಿಗೆ "ಕೀಳಿ" ಅಂದದ್ದು ಅವರಲ್ಲ, ನಾನು. ಆಳುಗಳು ನಿಧಾನ ಮಾಡಿದಾಗ ನಾನೇ ಕೂತು ಹಿಡಿ ಹಿಡಿಯಾಗಿ ಕಿತ್ತೆ, ಬೇರು ಸಮೇತ.

ಅಜ್ಜಿ ಬಂದರು. ಜಗಳ ಆಡುತ್ತಾರೆ ಎಂದುಕೊಂಡೆ, ಆಡಿದ್ದರೆ ಚೆನ್ನಾಗಿತ್ತು. ಮಗನ ಕಡೆ ನೋಡಲಿಲ್ಲ. ಗುಡ್ಡೆ ಹಾಕಿದ್ದ ಸೊಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣು ಕೊಡವಿ ಕೊಡವಿ ಸೆರಗಿಗೆ ಹಾಕಿಕೊಂಡರು. ಎದ್ದು ಹೋಗುವ ಮುಂಚೆ ನನ್ನ ಕೈಗೂ ಒಂದು ಹಿಡಿ ತುರುಕಿದರು.

"ಎಳೇವು. ಮಸ್ಸೊಪ್ಪಿಗೆ ಆಯ್ತವೆ, ತಕ್ಕೊಂಡೋಗವ್ವ" ಅಂದರು.

ನಲ್ಲಿಯ ಜಾಗಕ್ಕೆ ಹೊಸ ಹುಲ್ಲು ಹಾಸಿಸಿದೆ. ಮರುದಿನ ತೆಗೆಸಿದ ಫೋಟೋ ತುಂಬಾ ಚೆನ್ನಾಗಿ ಬಂತು. ಅದನ್ನು ನೋಡಿಯೇ ಬನಶಂಕರಿಯಲ್ಲಿ ಇನ್ನೆರಡು ಕೆಲಸ ಸಿಕ್ಕವು. ನಾಚಿಕೆಗೆಟ್ಟ ಫೋಟೋ, ಈಗಲೂ ನನ್ನ ಆಲ್ಬಮ್ಮಿನಲ್ಲಿದೆ.

ಸೊಪ್ಪು ಕಿತ್ತ ಆ ದಿನ ಮಧ್ಯಾಹ್ನವೇ, ಅಜ್ಜಿ ಕೊಟ್ಟಿದ್ದ ಹಿಡಿಯನ್ನು ಅಮ್ಮ ಬೇಯಿಸಿ ಮಸೆದಳು. ಸೋಸುವಾಗ ಬೇರುಗಳನ್ನು ಎತ್ತಿ ಹಿಡಿದು ನೋಡಿ ಅವಳಿಗೆ ಸಿಟ್ಟು ಬಂದಿತ್ತು.

"ಇಷ್ಟು ಎಳೇದನ್ನ ಬೇರು ಸಮೇತ ಕಿತ್ತಿದಾರಲ್ಲ, ಚಿವುಟಿದ್ರೆ ಇನ್ನೂ ನಾಕು ಸಲ ಬರ್ತಿತ್ತು. ಯಾರೋ ಮಣ್ಣು ಮುಟ್ಟಿ ಗೊತ್ತಿಲ್ಲದೋರು, ಪಾಪ" ಅಂದಳು.

ನಾನು ತಟ್ಟೆಯಲ್ಲಿದ್ದದ್ದನ್ನು ಅನ್ನಕ್ಕೆ ಕಲಸಿಕೊಂಡು ಉಂಡೆ. ಯಾರು ಕಿತ್ತದ್ದು ಎಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.