ಡಾಕ್ಟರು ಬರೆದ ‘ಮ.ಕು.’

ರೋಗಿಯ ನಾಡಿ ಹಿಡಿದಾಗಲೂ ಸರಗೂರಿನ ಆ ಡಾಕ್ಟರ ಕಿವಿ ಹೊರಗಿನ ಮರಗಳತ್ತಲೇ ಇರುತ್ತಿತ್ತು. ಮಹಾರಾಜರ ಕಾಲ, ಚಳಿಜ್ವರಕ್ಕೆ ಜನ ಸಾಯುತ್ತಿದ್ದರು. ಮೈ ಸುಡುತ್ತಿದ್ದ ಅಣ್ಣನನ್ನು ಗಾಡಿಯಲ್ಲಿ ಕರೆದೊಯ್ದೆವು. ಡಾಕ್ಟರು ಅವನ ನಾಡಿ ನೋಡುತ್ತಲೇ ಚೀಟಿಯೊಂದರಲ್ಲಿ ‘ಮ.ಕು.’ ಎಂದು ಬರೆದುಕೊಂಡರು. ಅಕ್ಷರ ಬಲ್ಲ ಅತ್ತಿಗೆ ಅದನ್ನು ಓದಿ, ಕಾಯಿಲೆಯ ಹೆಸರೆಂದುಕೊಂಡು ಕೇಳಿದರು.

“ಅದ್ಯಾವ ಕಾಯ್ಲೆ ಬುದ್ಧಿ? ನಮ್ಮೆಜಮಾನ್ರು ಉಳ್ಕತಾರಾ?”

“ಅಯ್ಯೋ ತಾಯಿ, ಅದು ಮರಕುಟಿಗ! ಪೂರ್ತಿ ಹೆಸರು ಬರೆಯೋವರೆಗೂ ಹಕ್ಕಿ ಕೂತಿರುತ್ತಾ?” ಕಂಡ ಹಕ್ಕಿಯನ್ನೆಲ್ಲ ಬರೆದಿಡುವ ಹುಚ್ಚಿದ್ದ ಡಾಕ್ಟರು ಎಲ್ಲರಿಗೂ ಹೇಳುತ್ತಿದ್ದ ಮಾತು ಅದೆಂದು ಆಮೇಲೆ ತಿಳಿಯಿತು. “ಇವರಿಗೆ ಬರೀ ನೆಗಡಿ ಜ್ವರ. ಗಂಜಿ ಕುಡಿಸಿ, ಏಳ್ತಾರೆ.”

ಅತ್ತಿಗೆ ಅಳುತ್ತಲೇ ನಕ್ಕರು. ಮಲಗಿದ್ದ ಅಣ್ಣ ತಲೆಯೆತ್ತಿ, “ಎಲ್ಲೈತೆ ಬುದ್ಧಿ? ನಂಗೂ ವಸಿ ತೋರ್ಸಿ” ಎಂದ. ಡಾಕ್ಟರು ಅವನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ಬೆರಳು ಚಾಚಿ ತೋರಿಸಿದರು.