ಬ್ರೇಕತ್ತಿಗೆಯ ಸೀಮೆಸುಣ್ಣದ ಗೆರೆ

ನಮ್ಮಕ್ಕನ ಬಲಗಾಲಿಗೆ ಒಂದು ಕಾಯಿಲೆ ಇದೆ. ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸುತ್ತಿದ್ದಾಳೆ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಡೆಗಿರುವ ಎರಡನೇ ಬ್ರೇಕನ್ನು ಒತ್ತಿ ಒತ್ತಿ, ಈಗ ಎಲ್ಲಿ ಕೂತರೂ ಆ ಕಾಲು ತಾನಾಗಿಯೇ ಒತ್ತುತ್ತದೆ. ಬಸ್ಸಿನಲ್ಲಿ ಒತ್ತುತ್ತದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒತ್ತುತ್ತದೆ, ಟಿ.ವಿ.ಯಲ್ಲಿ ಯಾರಾದರೂ ಓಡಿಬಂದರೂ ಒತ್ತುತ್ತದೆ. ನನ್ನ ಗಂಡ ಅವಳಿಗೆ ‘ಬ್ರೇಕತ್ತಿಗೆ’ ಎಂದು ಹೆಸರಿಟ್ಟಿದ್ದಾರೆ. ಹೆಸರಿಡುವುದರಲ್ಲಿ ಮಹಾ ಜಾಣರು. ಮಿಕ್ಕಿದ್ದರ ಬಗ್ಗೆ ಈಗ ಹೇಳುತ್ತೇನೆ.

ಅಕ್ಕನ ಮನೆಯ ಮುಂದೆಯೇ ಅವಳ ಡ್ರೈವಿಂಗ್ ಸ್ಕೂಲು, ಅದರ ಮುಂದೆ ಗೇಟಿನವರೆಗೆ ಉದ್ದನೆಯ ಸಿಮೆಂಟು ಅಂಗಳ. ಅಲ್ಲಿ ಮೊದಲ ದಿನ ಯಾರಿಗೂ ಕಾರು ಮುಟ್ಟಲು ಕೊಡುವುದಿಲ್ಲ. ಒಂದು ಬೆಂಚಿನ ಮೇಲೆ ಕೂರಿಸುತ್ತಾಳೆ. ಎದುರಿನ ಹಲಗೆಗೆ ಹಳೇ ಸ್ಟಿಯರಿಂಗು, ಬೀಗದ ಕೈ ತೂರಿಸಲು ಒಂದು ತೂತು, ಕೆಳಗೆ ಮರದ ಪೆಡಲುಗಳು. ಬ್ರೇಕು ಒತ್ತಿದರೆ ಹಲಗೆಯ ಮೇಲೆ ಕೆಂಪು ಬಲ್ಬು ಹತ್ತುತ್ತದೆ. ನೀವು ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಹೋಗುತ್ತಿದ್ದೀರಿ ಎಂದು ಲೆಕ್ಕ. ಅಕ್ಕ ಯಾವಾಗಲೋ ಸೀಟಿ ಊದುತ್ತಾಳೆ. ಬಲ್ಬು ಹತ್ತುವಷ್ಟರಲ್ಲಿ ಗಾಡಿ ಎಷ್ಟು ದೂರ ಹೋಗಿರುತ್ತಿತ್ತೋ ಅಷ್ಟುದ್ದ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ಸೆಕೆಂಡಿಗೆ ಹನ್ನೊಂದು ಮೀಟರು. ಗೆರೆಯ ತುದಿಯಲ್ಲಿ ಅವರವರೇ ತಮ್ಮ ಹೆಸರು ಬರೆಯಬೇಕು. ಅದು ಅಲ್ಲಿನ ಪದ್ಧತಿ. ಅದುವರೆಗಿನ ಅತಿ ಉದ್ದದ ಗೆರೆ ಇಪ್ಪತ್ತು ಮೀಟರಿನದು, ಎರಡೂ ಕೈ ಆಡಿಸದೆ ಮಾತೇ ಬಾರದ ಒಬ್ಬ ಮೇಷ್ಟ್ರದು.

ಆ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮಗಳ ಈಜು ಸ್ಪರ್ಧೆ. ಅಪ್ಪನೇ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಾವು ಎರಡು ದಿನಕ್ಕೆಂದು ಅಕ್ಕನ ಮನೆಗೆ ಬಂದಿದ್ದೆವು, ನಮ್ಮ ಕಾರು ಅವಳ ಅಂಗಳದಲ್ಲೇ ನಿಂತಿತ್ತು. ಮಗಳು ಮೂರು ಗಂಟೆಗೇ ಬ್ಯಾಗು ತಬ್ಬಿಕೊಂಡು ಅದರಲ್ಲಿ ಹತ್ತಿ ಕೂತಿದ್ದಳು. ಇವರು ಪಕ್ಕದ ಬೀದಿಯ ಸ್ನೇಹಿತನ ಮನೆಯ ಊಟ ಮುಗಿಸಿ, ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಾ ನಡೆದು ಬಂದರು. ಗೇಟು ತೆರೆದೇ ಇತ್ತು. ಆದರೂ ಅದನ್ನು ಒಮ್ಮೆ ಮುಚ್ಚಿ, ತೆರೆದು, ಒಳಗೆ ಬಂದರು.

“ರೀ, ಕುಡಿದಿದೀರಾ?”

“ಎರಡೇ ಪೆಗ್ಗು ಕಣೇ. ಆಮೇಲೆ ಇದು, ನಾಲ್ಕು ದಮ್ಮು” ಎಂದು ಜೇಬಿನಿಂದ ಮಿರಿಮಿರಿ ಮಿಂಚುವ ಒಂದು ಪೊಟ್ಟಣ ತೆಗೆದರು. “ಬರೀ ಸೊಪ್ಪು. ಕುಡಿದಿದ್ದನ್ನ ಇದು ಸಮ ಮಾಡಿಬಿಡುತ್ತೆ. ಈಗ ನಾನು ಮಾಮೂಲಿಗಿಂತ ಚೆನ್ನಾಗಿ ಓಡಿಸ್ತೀನಿ.”

ಅಯ್ಯೋ ನನ್ನ ಕರ್ಮವೇ! ಇವರು ಕೆಲಸದಲ್ಲಿ ಲಿಫ್ಟ್ ರಿಪೇರಿಯವರು. ಮೂರು ಸಲ ಬ್ರೇಕು ಪರೀಕ್ಷಿಸದೆ ಒಂದು ನರಪಿಳ್ಳೆಯನ್ನೂ ಲಿಫ್ಟಿಗೆ ಹತ್ತಿಸುವವರಲ್ಲ. ನಾನು ಕೂಗಾಡಿದೆ. ಮಗಳು ಕಿಟಕಿಯಿಂದ ತಲೆ ಹಾಕಿ, “ಅಮ್ಮ, ಲೇಟಾಗ್ತಿದೆ, ಅಪ್ಪ ಚೆನ್ನಾಗೇ ಓಡಿಸ್ತಾರೆ ಬಿಡಮ್ಮ” ಎಂದಳು. ಬೀಗದ ಕೈ ಕಿತ್ತುಕೊಳ್ಳಲು ಹೋದರೆ ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು ಕೈ ಮೇಲೆತ್ತಿಬಿಟ್ಟರು. ಅವರು ಆರಡಿ, ನಾನು ಐದು.

ಗಲಾಟೆ ಕೇಳಿ ಅಕ್ಕ ಹೊರಗೆ ಬಂದಳು. ಪೊಟ್ಟಣ ಇಸಿದುಕೊಂಡು ಮೂಸಿ ನೋಡಿದಳು.

“ಇದು ಸೊಪ್ಪಲ್ಲ. ಯಾವುದೋ ಒಣ ಕಸಕ್ಕೆ ಕೆಮಿಕಲ್ ಚಿಮುಕಿಸಿದಾರೆ. ಒಂದು ಚಿಟಿಕೆಯಲ್ಲಿ ಎಷ್ಟಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಅದರ ಮೇಲೆ ಪೆಗ್ಗು ಬೇರೆ. ಸಮ ಅಲ್ಲ, ಎರಡೂ ಸೇರಿ ಕೂಡುತ್ತೆ.” ಆಮೇಲೆ ನನ್ನಂತೆ ಕಿರುಚಲಿಲ್ಲ. “ಸರಿ, ಚೆನ್ನಾಗಿ ಓಡಿಸ್ತೀರಲ್ಲ? ಬೆಂಚಿನ ಟೆಸ್ಟ್ ಪಾಸಾಗಿ, ಹೊರಡಿ” ಎಂದಳು.

“ಬ್ರೇಕತ್ತಿಗೆ, ನಂಗೇ ಟೆಸ್ಟಾ?” ಎಂದು ನಗುತ್ತಾ ಅವರು ಬೆಂಚಿನ ಮೇಲೆ ಕೂತು, ನಮ್ಮ ಕಾರಿನ ಬೀಗದ ಕೈಯನ್ನೇ ಹಲಗೆಯ ತೂತಿಗೆ ತೂರಿಸಿ, ಬಾಯಲ್ಲಿ “ಡುರ್‌ರ್‌” ಎಂದು ಗಾಡಿ ಚಾಲೂ ಮಾಡಿದರು. ಭುಜದ ಮೇಲೆ ಇಲ್ಲದ ಬೆಲ್ಟು ಎಳೆದುಕೊಂಡರು. ಪಕ್ಕಕ್ಕೆ ಒರಗಿಸಿದ್ದ ನನ್ನ ಕೊಡೆಯ ಹಿಡಿ ಹಿಡಿದು ಗೇರು ಬದಲಿಸಿದರು. ಇಲ್ಲದ ತಿರುವಿನಲ್ಲಿ ಎಷ್ಟು ಬಾಗಿದರೆಂದರೆ ಬೆಂಚಿನಿಂದ ಬೀಳುವುದೊಂದು ಬಾಕಿ. ಬೆಂಚಿನ ಕಾಲಿನ ಬಳಿ ಇದ್ದ ಇರುವೆ ಸಾಲಿಗೆ ಹಾರನ್ ಹೊಡೆದು, “ಎಡಕ್ಕೆ ಹೋಗ್ರಪ್ಪಾ” ಎಂದರು. ಅಷ್ಟು ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಅಕ್ಕ ಸೀಟಿ ಊದಲಿಲ್ಲ. ಕಾರಿನಿಂದ ಮಗಳನ್ನು ಇಳಿಸಿ, ಬೆಂಚಿನಿಂದ ಹದಿನೈದು ಮೀಟರು ಮುಂದೆ, ಅಂಗಳದ ಅಂಚಿಗೆ ನಿಲ್ಲಿಸಿದಳು. “ನಾನು ಕೈ ತೋರಿಸಿದಾಗ ನಡುವಿಗೆ ಬಂದು ನಿಂತು, ಅಪ್ಪನ್ನ ಕೂಗು ಪುಟ್ಟಿ.”

ಮಗಳು ಬ್ಯಾಗು ಹೊತ್ತು ನಡುವಿಗೆ ಬಂದಳು. “ಅಪ್ಪಾ, ನಿಲ್ಸಿ!”

ಅವರು ಅವಳನ್ನು ನೋಡಿದರು. ಮುಖ ಅರಳಿತು. ಕೈ ಬೀಸಿದರು. ಆಮೇಲೆ ಇಲ್ಲದ ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, “ಹುಷಾರಾಗಿ ದಾಟು ಬಂಗಾರಿ” ಎಂದರು. ಆಮೇಲೆ ಬ್ರೇಕು ಒತ್ತಿದರು.

“ನೋಡಿದ್ರಾ? ತಕ್ಷಣ ನಿಲ್ಸಿದೆ!”

ಅಕ್ಕನ ಕಾಲು ಮಾತ್ರ ಆ ಕೂಗು ಬಿದ್ದಾಗಿನಿಂದ ನೆಲ ಒತ್ತಿಕೊಂಡೇ ಇತ್ತು. ಗಡಿಯಾರ ನೋಡಿ, “ಐದು ಸೆಕೆಂಡ್” ಎಂದಳು. ಐದು ಹನ್ನೊಂದಲ ಐವತ್ತೈದು. ಮಗಳು ನಿಂತಿದ್ದದ್ದು ಹದಿನೈದರಲ್ಲಿ. ಬ್ಯಾಗು ಹೊತ್ತು ನಿಂತಿದ್ದ ನನ್ನ ಮಗಳೂ ಲೆಕ್ಕ ಹಾಕಿದಳೆಂದು ಕಾಣುತ್ತದೆ, ಮೆಲ್ಲಗೆ ಅಂಚಿಗೆ ಸರಿದಳು.

ಅಕ್ಕ ತೂತಿನಿಂದ ಬೀಗದ ಕೈ ತೆಗೆದುಕೊಂಡಳು. ಅದನ್ನು ಇವರು ಗಮನಿಸಲೇ ಇಲ್ಲ. ಇವರನ್ನು ನೋಡಿಕೊಳ್ಳಲು ನನಗೆ ಹೇಳಿ, ಮಗಳನ್ನು ತನ್ನ ಕಾರಿನಲ್ಲಿ ಕರೆದೊಯ್ದಳು. ಇವರು ಇನ್ನೂ ಅರ್ಧ ಗಂಟೆ ಓಡಿಸಿದರು. ನಡುವೆ ಎದೆ ಡವಡವ ಎನ್ನುತ್ತಿದೆ ಎಂದು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ಕೊನೆಗೆ ಎದೆಬಡಿತ ಹತೋಟಿಗೆ ಬಂದು ಸ್ಟಿಯರಿಂಗಿನ ಮೇಲೇ ಗೊರಕೆ ಹೊಡೆದರು. ನಾನು ಉಸಿರು ಎಣಿಸುತ್ತಾ ಪಕ್ಕದಲ್ಲೇ ಕೂತಿದ್ದೆ. ಮಗಳು ಸ್ಪರ್ಧೆಯಲ್ಲಿ ಕೊನೆಯಿಂದ ಎರಡನೆಯವಳಾಗಿ ಬಂದಳು. ಬಂದಳಲ್ಲ, ಅಷ್ಟು ಸಾಕು.

ಬೆಳಿಗ್ಗೆ ಎದ್ದು ಇವರು ತಲೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಬೆಂಚಿನಿಂದ ಹೊರಟ ಒಂದು ಗೆರೆ ಗೇಟು ದಾಟಿ ಹೋಗಿತ್ತು.

“ಅತ್ತಿಗೆ, ಯಾರದಿದು? ಹೆಸರೇ ಇಲ್ಲ. ಯಾವ ಕತ್ತೆ ಇಷ್ಟುದ್ದ ಎಳೆದಿದ್ದು?”

“ತುದಿವರೆಗೂ ನಡೆದು ನೋಡಿ” ಎಂದಳು ಅಕ್ಕ.

ನಡೆದರು. ಹದಿನೈದು ಮೀಟರಿಗೆ ಗೆರೆಯ ಮೇಲೆ ಎರಡು ಪುಟ್ಟ ಪಾದಗಳ ಗುರುತು. ಅಕ್ಕ ಮಗಳ ಚಪ್ಪಲಿ ಇಟ್ಟು ಸುತ್ತಲೂ ಬರೆದದ್ದು. ಎಡ ಚಪ್ಪಲಿಯ ಹರಿದ ಮೂಲೆಯೂ ಅಲ್ಲಿತ್ತು. ಅದನ್ನು ಹೊಲಿಸಿಕೊಡುತ್ತೇನೆಂದು ಒಂದು ತಿಂಗಳಿಂದ ಹೇಳುತ್ತಿದ್ದವರು ಇವರೇ. ಅಲ್ಲಿ ನಿಂತುಬಿಟ್ಟರು. ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಗೆರೆ ಮಾತ್ರ ನಿಂತಿರಲಿಲ್ಲ.

ಆಮೇಲೆ ಆ ಪಾದಗಳನ್ನು ತುಳಿಯದೆ ಸುತ್ತಿಕೊಂಡು ನಡೆದರು. ಗೇಟು ದಾಟಿ, ರಸ್ತೆ ದಾಟಿ, ಎದುರಿನ ಇಸ್ತ್ರಿ ಅಂಗಡಿಯ ಮೆಟ್ಟಿಲವರೆಗೂ. ಗೆರೆ ಮುಗಿದದ್ದು ಅಲ್ಲಿ. ಹಿಂದೆಯೇ ಹೋದ ಅಕ್ಕ ಸೀಮೆಸುಣ್ಣ ಚಾಚಿದಳು. ಇವರು ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಹಳ ಹೊತ್ತು ತಗೊಂಡು ಎರಡಕ್ಷರ ಬರೆದರು: ಅಪ್ಪ.

“ಏನ್ ಸಾರ್ ಇದು ನಮ್ಮ ಮೆಟ್ಟಿಲ ಮೇಲೆ? ಒರೆಸಿಬಿಡ್ಲಾ?” ಎಂದ ಇಸ್ತ್ರಿಯವನು.

“ಬೇಡಪ್ಪಾ” ಎಂದರು ಇವರು. “ಇರ್ಲಿ ಅದು.”